ಹಣ್ಣುನೊಣ ಮತ್ತು ವ್ಯಾಯಾಮದ ತಳಿವಿಜ್ಞಾನ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ದೈಹಿಕ ಸಾಮರ್ಥ್ಯವು ಹುಟ್ಟಿನಿಂದ ಬರುವುದೋ ಸಾಧನೆಯಿಂದ ಗಳಿಸುವುದೋ ಎಂಬ ಪ್ರಶ್ನೆ ಆಧುನಿಕ ವಿಜ್ಞಾನಕ್ಕಿಂತಲೂ ಹಳೆಯದು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ನಂಬಿದ ಜನರೇ ಗರಡಿಮನೆಗಳನ್ನೂ ಕಟ್ಟಿ ಬೆಳೆಸಿದ್ದಾರೆ. ಒಂದೇ ಗರಡಿಯಲ್ಲಿ, ಒಬ್ಬನೇ ಗುರುವಿನ ಕೈಕೆಳಗೆ, ಅಷ್ಟೇ ದಂಡ, ಅಷ್ಟೇ ಬಸ್ಕಿ ಹೊಡೆದ ಇಬ್ಬರಲ್ಲಿ ಒಬ್ಬನ ಮೈ ಕಟ್ಟುಮಸ್ತಾಗುವುದೂ ಇನ್ನೊಬ್ಬನು ಹೆಚ್ಚೇನೂ ಬದಲಾಗದಿರುವುದೂ ಎಲ್ಲರ ಅನುಭವಕ್ಕೆ ಬಂದ ಸಂಗತಿ. ಈ ವ್ಯತ್ಯಾಸದ ಕಾರಣವೇನೆಂಬುದನ್ನು ಪ್ರಯೋಗದ ಮೂಲಕ ಅರಿಯುವ ಯತ್ನ ಮಾತ್ರ ಇತ್ತೀಚಿನದು.

ಮನುಷ್ಯರಲ್ಲಿ ಈ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಕೈಗೆತ್ತಿಕೊಂಡ ಅಧ್ಯಯನಗಳಲ್ಲಿ ಕ್ಲಾಡ್ ಬುಷಾರ್ ಮತ್ತು ಸಂಗಡಿಗರ ‘ಹೆರಿಟೇಜ್ ಕುಟುಂಬ ಅಧ್ಯಯನ’ ಮುಖ್ಯವಾದುದು. ವ್ಯಾಯಾಮದ ರೂಢಿಯಿಲ್ಲದ 98 ಕುಟುಂಬಗಳ 481 ಮಂದಿಗೆ 20 ವಾರಗಳ ಕಾಲ ಒಂದೇ ಕ್ರಮದ ತರಬೇತಿಯನ್ನು ನೀಡಿ, 1999ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯದ ಹೆಚ್ಚಳವು ವ್ಯಕ್ತಿಯಿಂದ ವ್ಯಕ್ತಿಗೆ ಬಹಳವಾಗಿ ಭಿನ್ನವಾಗಿದ್ದುದು ಕಂಡುಬಂದಿತು. ಈ ಭಿನ್ನತೆಯಲ್ಲಿ ಆನುವಂಶಿಕತೆಯ ಪಾಲು ಶೇ. 47ರವರೆಗೆ ಇರಬಹುದೆಂದು ಅಂದಾಜಿಸಲಾಯಿತು. ಆದರೆ ಆ ಪಾಲು ಯಾವ ವಂಶವಾಹಿಗಳದ್ದು, ಅವು ಯಾವ ಅಂಗದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಮನುಷ್ಯರಲ್ಲಿ ತಿಳಿಯುವುದು ದುಸ್ಸಾಧ್ಯ. ಮನುಷ್ಯರನ್ನು ಬೇಕಾದಂತೆ ಸಂಕರಗೊಳಿಸಲಾಗದು. ಅವರ ಆಹಾರ, ಉದ್ಯೋಗ, ವಿಶ್ರಾಂತಿಗಳನ್ನು ಜೀವನಪರ್ಯಂತ ಏಕರೂಪದಲ್ಲಿರಿಸಲಾಗದು. ಈ ಅಡಚಣೆಗಳಿಲ್ಲದ ಪ್ರಾಣಿಯೊಂದನ್ನು ಅರಸಿದ ಸಂಶೋಧಕರಿಗೆ ಒದಗಿಬಂದುದು ಒಂದು ಮಿಲಿಗ್ರಾಂ ಆಸುಪಾಸಿನ ತೂಕದ ಹಣ್ಣುನೊಣ, ಡ್ರೊಸೊಫಿಲ ಮೆಲನೊಗ್ಯಾಸ್ಟರ್.

ಹಣ್ಣುನೊಣದ ಚಲನೆಯ ಅಧ್ಯಯನವು ವ್ಯಾಯಾಮದ ತಳಿವಿಜ್ಞಾನವಾಗಿ ಮಾರ್ಪಟ್ಟ ಬಗೆಯನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಈ ಚರಿತ್ರೆಯಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದು ಅಗತ್ಯ: ಒಂದು, ಪ್ರಾಣಿಯು ಎಷ್ಟರಮಟ್ಟಿಗೆ ಚಲಿಸಬಲ್ಲದು ಎಂಬ ಸಾಮರ್ಥ್ಯ, ಎರಡು, ಅದು ಚಲಿಸಲು ಎಷ್ಟರಮಟ್ಟಿಗೆ ತೊಡಗುತ್ತದೆ ಎಂಬ ಪ್ರವೃತ್ತಿ, ಮೂರು, ಪದೇ ಪದೇ ಚಲಿಸಿದುದರಿಂದ ಅದರ ದೇಹವು ಪಡೆಯುವ ಫಲ. ಈ ಮೂರನ್ನೂ ಬಿಡಿಸಿ ನೋಡುವುದಕ್ಕೆ ಒಂದು ಶತಮಾನವೇ ಬೇಕಾಯಿತು. ಹಾಗೆ ಬಿಡಿಸಿದ ಮೇಲೆ, ‘ಹುಟ್ಟೋ ಸಾಧನೆಯೋ’ ಎಂಬ ಮೂಲ ಪ್ರಶ್ನೆಯ ಸ್ವರೂಪವೇ ಬದಲಾಯಿತೆಂಬುದು ಇಲ್ಲಿಯ ಪ್ರತಿಪಾದನೆ.

ಮೇಲೇರುವ ಪ್ರವೃತ್ತಿಯ ಗುರುತಿಸುವಿಕೆ

ಹಣ್ಣುನೊಣವು ಪ್ರಯೋಗಾಲಯವನ್ನು ಪ್ರವೇಶಿಸಿದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಲಿಯಂ ಕ್ಯಾಸಲ್ ಅವರ ಮೂಲಕ. ಕೊಲಂಬಿಯ ವಿಶ್ವವಿದ್ಯಾನಿಲಯದ ಥಾಮಸ್ ಹಂಟ್ ಮಾರ್ಗನ್ ಅವರು ಬಿಳಿಗಣ್ಣಿನ ನೊಣವನ್ನು ಗುರುತಿಸಿ, ವಂಶವಾಹಿಗಳು ವರ್ಣತಂತುಗಳ ಮೇಲಿವೆ ಎಂಬುದರ ನಿರೂಪಣೆಗೆ ತಳಹದಿ ಹಾಕಿದುದು 1910ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ, 1905ರಲ್ಲಿ, ಎಫ್. ಡಬ್ಲ್ಯು. ಕಾರ್ಪೆಂಟರ್ ಎಂಬ ಪ್ರಾಣಿವಿಜ್ಞಾನಿ ಈ ನೊಣವು ಬೆಳಕಿಗೆ, ಗುರುತ್ವಕ್ಕೆ ಹಾಗೂ ಯಾಂತ್ರಿಕ ಪ್ರಚೋದನೆಗೆ ತೋರುವ ಪ್ರತಿಕ್ರಿಯೆಗಳನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದ್ದರು. ಸೀಸೆಯನ್ನು ತಟ್ಟಿದರೆ ನೊಣಗಳು ತಳಕ್ಕೆ ಬೀಳುತ್ತವೆ. ಬಿದ್ದೊಡನೆ ಗೋಡೆಯನ್ನು ಹಿಡಿದು ಮೇಲಕ್ಕೇರತೊಡಗುತ್ತವೆ. ಹಣ್ಣುನೊಣಗಳನ್ನು ಸಾಕಿದವರೆಲ್ಲರೂ ನಿತ್ಯ ಕಾಣುವ ಈ ಪುಟ್ಟ ವರ್ತನೆಯೇ ಮುಂದೆ ವ್ಯಾಯಾಮದ ಅಧ್ಯಯನಕ್ಕೆ ಆಧಾರವಾಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಮಾರ್ಗನ್ ಪರಂಪರೆಯವರಿಗೆ ನೊಣದ ಚಲನೆ ಮುಖ್ಯ ವಿಷಯವಾಗಿರಲಿಲ್ಲ. ಕಣ್ಣಿನ ಬಣ್ಣ, ರೆಕ್ಕೆಯ ಆಕಾರ, ಬಿರುಗೂದಲಿನ ಸಂಖ್ಯೆ ಮೊದಲಾದ, ನೋಡಿದೊಡನೆ ತಿಳಿಯುವ ಲಕ್ಷಣಗಳೇ ಅವರ ಲೆಕ್ಕಾಚಾರಕ್ಕೆ ಅನುಕೂಲವಾಗಿದ್ದವು. ಆದರೆ ಅವರು ಬಿಟ್ಟುಹೋದ ಸಾಮಗ್ರಿ ಅಪಾರ: ನಾಲ್ಕು ಜೊತೆ ವರ್ಣತಂತುಗಳ ನಕ್ಷೆ, ನೂರಾರು ಉತ್ಪರಿವರ್ತಿತ ತಳಿಗಳು, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು ಹತ್ತು ದಿನಗಳಿಗೊಂದು ಪೀಳಿಗೆಯನ್ನು ಪಡೆಯುವ ಸಾಕಣೆಯ ಕ್ರಮ.

ಎರಡು ಮಾರ್ಗಗಳು: ಹರ್ಶ್ ಮತ್ತು ಬೆಂಜರ್

ಚಲನೆಯನ್ನೇ ತಳಿವಿಜ್ಞಾನದ ವಿಷಯವನ್ನಾಗಿಸಿದವರಲ್ಲಿ ಇಬ್ಬರು ಪ್ರಮುಖರು. ಅವರ ಮಾರ್ಗಗಳು ಪರಸ್ಪರ ಭಿನ್ನವಾಗಿದ್ದವು.

ಜೆರ್ರಿ ಹರ್ಶ್ ಮನೋವಿಜ್ಞಾನದ ಹಿನ್ನೆಲೆಯಿಂದ ಬಂದವರು. 1950ರ ದಶಕದಲ್ಲಿ ಅವರು ಲಂಬವಾಗಿ ನಿಲ್ಲಿಸಿದ, ಕವಲುಕವಲಾದ ಹಾದಿಗಳ ಚಕ್ರವ್ಯೂಹವೊಂದನ್ನು ಬಳಕೆಗೆ ತಂದರು. ಪ್ರತಿ ಕವಲಿನಲ್ಲಿಯೂ ನೊಣವು ಮೇಲಕ್ಕೆ ಇಲ್ಲವೇ ಕೆಳಕ್ಕೆ ಹೋಗಬೇಕು. ಕೊನೆಯಲ್ಲಿ ಅದು ಸೇರುವ ಕೊಳವೆಯೇ ಅದರ ಅಂಕ. ಮೇಲಿನ ಕೊಳವೆಗಳನ್ನು ಸೇರಿದವನ್ನು ಮೇಲಿನವುಗಳೊಂದಿಗೆ, ಕೆಳಗಿನವನ್ನು ಕೆಳಗಿನವುಗಳೊಂದಿಗೆ ಪೀಳಿಗೆಯಿಂದ ಪೀಳಿಗೆಗೆ ಕೂಡಿಸುತ್ತ ಹೋದಾಗ, ಮೇಲೇರುವ ಮತ್ತು ಕೆಳಗಿಳಿಯುವ ಎರಡು ಪ್ರತ್ಯೇಕ ತಳಿಗಳು ರೂಪುಗೊಂಡವು. ಈ ವ್ಯತ್ಯಾಸಕ್ಕೆ ಯಾವುದೋ ಒಂದು ವಂಶವಾಹಿಯಲ್ಲ, ಹಲವು ವರ್ಣತಂತುಗಳ ಮೇಲೆ ಹರಡಿದ ಹಲವು ವಂಶವಾಹಿಗಳು ಕಾರಣವೆಂದು ಹರ್ಶ್ ತೋರಿಸಿದರು.

ಸೀಮೋರ್ ಬೆಂಜರ್ ಭೌತವಿಜ್ಞಾನದಿಂದ ಜೀವವಿಜ್ಞಾನಕ್ಕೆ ಬಂದವರು. ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯಲ್ಲಿ ಅವರು ಹಿಡಿದ ದಾರಿ ಇದಕ್ಕೆ ವಿರುದ್ಧವಾದುದು: ರಾಸಾಯನಿಕದಿಂದ ಉತ್ಪರಿವರ್ತನೆಯನ್ನು ಉಂಟುಮಾಡಿ, ಒಂದೊಂದೇ ವಂಶವಾಹಿಯ ಕೆಡುಕು ವರ್ತನೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆಂದು ನೋಡುವುದು. 1967ರಲ್ಲಿ ಅವರು ಬೆಳಕಿನತ್ತ ಧಾವಿಸುವ ನೊಣಗಳನ್ನೂ ಹಿಂದುಳಿಯುವ ನೊಣಗಳನ್ನೂ ಸಾಲು ಕೊಳವೆಗಳಲ್ಲಿ ಬೇರ್ಪಡಿಸುವ ಸಾಧನವನ್ನು ವರ್ಣಿಸಿದರು. 1971ರಲ್ಲಿ ಅವರ ಶಿಷ್ಯ ರೊನಾಲ್ಡ್ ಕೊನೋಪ್ಕ ಅವರೊಡನೆ ಪ್ರಕಟಿಸಿದ, ದಿನಚರಿಯ ಲಯವನ್ನು ಕೆಡಿಸುವ ‘ಪೀರಿಯಡ್’ ಉತ್ಪರಿವರ್ತನೆಯ ಶೋಧವು ಮುಂದೆ ಅನ್ಯರ ಕೈಯಲ್ಲಿ ಬೆಳೆದು 2017ರ ನೊಬೆಲ್ ಪ್ರಶಸ್ತಿಗೆ ಹಾದಿಮಾಡಿತು.

ಈ ಎರಡು ಮಾರ್ಗಗಳ ಭೇದವು ಕೇವಲ ವಿಧಾನಕ್ಕೆ ಸಂಬಂಧಿಸಿದುದಲ್ಲ. ಬೆಂಜರ್ ಅವರ ದೃಷ್ಟಿಯಲ್ಲಿ ‘ಸಾಮಾನ್ಯ ನೊಣ’ವೊಂದಿದೆ; ಕೆಟ್ಟ ವಂಶವಾಹಿ ಅದರ ಯಂತ್ರದ ಒಂದು ಭಾಗವನ್ನು ತೋರಿಸಿಕೊಡುತ್ತದೆ. ಹರ್ಶ್ ಅವರ ದೃಷ್ಟಿಯಲ್ಲಿ ಸಾಮಾನ್ಯವೆಂಬುದೇ ಇಲ್ಲ. ಪ್ರತಿ ಜೀವಿಯೂ ಭಿನ್ನ, ಆ ಭಿನ್ನತೆಯೇ ಅಧ್ಯಯನದ ವಸ್ತು. ಈ ನಿಲುವು ಹರ್ಶ್ ಅವರನ್ನು ಸಾರ್ವಜನಿಕ ವಿವಾದಕ್ಕೂ ಎಳೆಯಿತು. 1969ರಲ್ಲಿ ಆರ್ಥರ್ ಜೆನ್ಸನ್ ಬುದ್ಧಿಮತ್ತೆಯ ಅಂಕಗಳಲ್ಲಿ ಜನಾಂಗಗಳ ನಡುವೆ ಕಾಣುವ ಅಂತರಕ್ಕೆ ಆನುವಂಶಿಕತೆಯನ್ನು ಕಾರಣವೆಂದು ಸೂಚಿಸಿದಾಗ, ಹರ್ಶ್ ಅದರ ಕಟುವಿಮರ್ಶಕರಾದರು. ಆನುವಂಶಿಕತೆಯ ಪ್ರಮಾಣವೆಂಬುದು ಒಂದು ಸಮುದಾಯಕ್ಕೆ, ಒಂದು ಪರಿಸರಕ್ಕೆ ಮಾತ್ರ ಅನ್ವಯಿಸುವ ಸಂಖ್ಯೆ. ಅದರಿಂದ ವ್ಯಕ್ತಿಯ ಹಣೆಬರಹವನ್ನು ಓದಲಾಗದು, ಪರಿಸರ ಬದಲಾದರೆ ಏನಾಗುವುದೆಂದು ಹೇಳಲೂ ಆಗದು ಎಂಬುದು ಅವರ ವಾದದ ತಿರುಳು. ನೊಣಗಳ ಆನುವಂಶಿಕತೆಯನ್ನು ಚೆನ್ನಾಗಿ ಬಲ್ಲವರೇ ಅದರ ದುರ್ಬಳಕೆಯನ್ನು ವಿರೋಧಿಸಿದರೆಂಬ ಸಂಗತಿ, ಶೇ. 47 ಎಂಬಂಥ ಸಂಖ್ಯೆಗಳನ್ನು ಓದುವಾಗ ನೆನಪಿನಲ್ಲಿರಬೇಕಾದುದು.

ಹರ್ಶ್ ಅವರ ತಳಿಗಳು ದಶಕಗಳ ಕಾಲ ಉಳಿದು ಬಂದವು. 2002ರಲ್ಲಿ ರಾಲ್ಫ್ ಗ್ರೀನ್‌ಸ್ಪ್ಯಾನ್ ಮತ್ತು ಸಂಗಡಿಗರು, ಹರ್ಶ್ ಅವರೂ ಸೇರಿ, ಈ ಎರಡು ತಳಿಗಳಲ್ಲಿ ವಂಶವಾಹಿಗಳ ಅಭಿವ್ಯಕ್ತಿಯನ್ನು ಹೋಲಿಸಿ ನೋಡಿದರು. ಬೆಂಜರ್ ಮಾರ್ಗದ ಉತ್ಪರಿವರ್ತಿತ ತಳಿಗಳಿಂದ ಅವನ್ನು ಪರೀಕ್ಷಿಸಿದಾಗ ಕೆಲವು ವಂಶವಾಹಿಗಳ ಪಾತ್ರ ದೃಢಪಟ್ಟಿತು. ಆದರೆ ಒಂದೊಂದರ ಪ್ರಭಾವವೂ ಅಲ್ಪವಾಗಿತ್ತು. ಎರಡು ಮಾರ್ಗಗಳು ಒಂದೆಡೆ ಕೂಡಿದ ಆರಂಭದ ನಿದರ್ಶನಗಳಲ್ಲಿ ಇದೂ ಒಂದು.

ಹಾರಾಟದ ಸ್ನಾಯು: ಮೈಸೂರು ಮತ್ತು ಬೆಂಗಳೂರಿನ ಕೊಡುಗೆ

ಹರ್ಶ್ ಅಳೆದುದು ಮುಖ್ಯವಾಗಿ ಪ್ರವೃತ್ತಿಯನ್ನು. ಸಾಮರ್ಥ್ಯದ ಅಧ್ಯಯನಕ್ಕೆ ಒದಗಿದುದು ಹಾರಾಟದ ಸ್ನಾಯು. ಹಣ್ಣುನೊಣವು ಸೆಕೆಂಡಿಗೆ ಸುಮಾರು 200 ಬಾರಿ ರೆಕ್ಕೆ ಬಡಿಯುತ್ತದೆ. ಎದೆಯ ಬಹುಭಾಗವನ್ನು ತುಂಬಿರುವ ಈ ಸ್ನಾಯುಗಳು ಮೈಟೊಕಾಂಡ್ರಿಯಗಳಿಂದ ಇಡಿಕಿರಿದಿದ್ದು, ಅಪಾರ ಶಕ್ತಿಯನ್ನು ವ್ಯಯಿಸುತ್ತವೆ. ಕಾಡಿನಲ್ಲಿ ಹಾರಲಾರದ ನೊಣ ಬದುಕುವುದು ಕಷ್ಟ. ಆದರೆ ಆಹಾರ ತುಂಬಿದ ಸೀಸೆಯಲ್ಲಿ ಅದು ನಿಶ್ಚಿಂತೆಯಿಂದ ಬದುಕಿ ಸಂತಾನವನ್ನು ಪಡೆಯುತ್ತದೆ. ಆದ್ದರಿಂದ ಈ ಸ್ನಾಯುವನ್ನು ಕೆಡಿಸುವ ಉತ್ಪರಿವರ್ತನೆಗಳನ್ನು ಉಳಿಸಿಕೊಂಡು ಪರೀಕ್ಷಿಸುವುದು ಸುಲಭ.

ಬೆಂಜರ್ ಪ್ರಯೋಗಾಲಯದಲ್ಲಿ ಬಳಸಿದ ಹಾರಾಟ ಪರೀಕ್ಷೆಯು ಸರಳತೆಗೆ ಹೆಸರಾದುದು. ಎತ್ತರದ ಅಳತೆ ಜಾಡಿಯ ಒಳಗೋಡೆಗೆ ಎಣ್ಣೆ ಸವರಿ, ಮೇಲಿನಿಂದ ನೊಣಗಳನ್ನು ಸುರಿಯುವುದು. ಚೆನ್ನಾಗಿ ಹಾರಬಲ್ಲವು ಮೇಲ್ಭಾಗದ ಗೋಡೆಗೇ ಅಂಟಿಕೊಳ್ಳುತ್ತವೆ. ಹಾರಲಾರದವು ತಳಕ್ಕೆ ಬೀಳುತ್ತವೆ. ಈ ಬಗೆಯ ಶೋಧನೆಗಳಿಂದ ದೊರೆತ ತಳಿಗಳು ಮುಂದೆ ಆಕ್ಟಿನ್, ಮಯೊಸಿನ್, ಟ್ರೊಪೊನಿನ್ ಮೊದಲಾದ ಸ್ನಾಯು ಪ್ರೋಟೀನುಗಳ ವಂಶವಾಹಿಗಳನ್ನು ತಿಳಿಯಲು ನೆರವಾದವು. ನೊಣದ ಆರು ಆಕ್ಟಿನ್ ವಂಶವಾಹಿಗಳಲ್ಲಿ ಒಂದು ಬಹುಮಟ್ಟಿಗೆ ಹಾರಾಟದ ಸ್ನಾಯುವಿಗೇ ಮೀಸಲಾಗಿರುವುದು ಈ ಅಧ್ಯಯನಗಳಿಗೆ ವಿಶೇಷ ಅನುಕೂಲವನ್ನು ಒದಗಿಸಿತು.

ಈ ಘಟ್ಟದಲ್ಲಿ ಕರ್ನಾಟಕದ ಪಾತ್ರವು ಉಲ್ಲೇಖಾರ್ಹ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿವಿಜ್ಞಾನ ವಿಭಾಗದಲ್ಲಿ ಡ್ರೊಸೊಫಿಲ ತಳಿವಿಜ್ಞಾನದ ದೀರ್ಘ ಪರಂಪರೆಯಿದ್ದು, ಮಾನಸಗಂಗೋತ್ರಿಯ ಡ್ರೊಸೊಫಿಲ ತಳಿ ಸಂಗ್ರಹ ಕೇಂದ್ರವು ನಾಡಿನ ಸಂಶೋಧಕರಿಗೆ ಆಕರವಾಗಿದೆ. ಅಲ್ಲಿಯ ಎನ್. ಬಿ. ರಾಮಚಂದ್ರ ಮತ್ತು ಉಪೇಂದ್ರ ನೊಂಗ್‌ಥೊಂಬ ಅವರು, ಎರಡನೆಯ ವರ್ಣತಂತುವಿನ ಮೇಲೆ ಹಾರಾಟದ ಸ್ನಾಯುವನ್ನು ಬಾಧಿಸುವ ಹೊಸ ಉತ್ಪರಿವರ್ತನೆಗಳನ್ನು ನೇರ ಶೋಧನೆಯಿಂದ ಗುರುತಿಸಿ, 1999ರಲ್ಲಿ ‘ಜೆನೆಟಿಕ್ಸ್’ ನಿಯತಕಾಲಿಕೆಯಲ್ಲಿ ಪ್ರಕಟಿಸಿದರು. ನೊಂಗ್‌ಥೊಂಬ ಅವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಸ್ನಾಯುವಿನ ಅಧ್ಯಯನವನ್ನು ಮುಂದುವರಿಸಿದರು.

ಬೆಂಜರ್ ಪರಂಪರೆಯು ಬೆಂಗಳೂರಿಗೆ ನೇರವಾಗಿ ಬಂದುದು ಒಬೇದ್ ಸಿದ್ದಿಕಿ ಅವರ ಮೂಲಕ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು ಬೆಂಜರ್ ಅವರೊಡನೆ ಕೆಲಸ ಮಾಡಿ, ಉಷ್ಣತೆ ಏರಿದೊಡನೆ ಸ್ತಬ್ಧವಾಗುವ ನೊಣಗಳ ನರದೋಷಗಳನ್ನು ಕುರಿತು 1976ರಲ್ಲಿ ಜಂಟಿಯಾಗಿ ಬರೆದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. ಈ ಕೇಂದ್ರದಲ್ಲಿ ಕೆ. ವಿಜಯರಾಘವನ್ ಮತ್ತು ಸಂಗಡಿಗರು ಹಾರಾಟದ ಸ್ನಾಯು ರೂಪುಗೊಳ್ಳುವ ಕ್ರಮವನ್ನು ಬಿಡಿಸಿದರು. ಗಾಯವಾದಾಗ ಚುರುಕಾಗುವ ಉಪಗ್ರಹ ಕೋಶಗಳು ಬೆಳೆದ ನೊಣದ ಸ್ನಾಯುವಿನಲ್ಲಿಯೂ ಇವೆಯೆಂದು 2017ರಲ್ಲಿ ತೋರಿಸಿದರು. ಕಶೇರುಕಗಳಲ್ಲಿ ದಣಿದ, ಹಾನಿಗೊಂಡ ಸ್ನಾಯುವಿನ ದುರಸ್ತಿಗೆ ಇಂಥ ಕೋಶಗಳೇ ಕಾರಣವಾದ್ದರಿಂದ, ನೊಣದ ಸ್ನಾಯುವನ್ನು ಮಾದರಿಯಾಗಿ ಬಳಸುವುದಕ್ಕೆ ಈ ಶೋಧವು ಬಲವನ್ನು ತಂದಿತು. ಅದೇ ಕೇಂದ್ರದ ಗೈತಿ ಹಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವು, ಕೋಶದೊಳಗಿನ ಕ್ಯಾಲ್ಸಿಯಂ ಬಿಡುಗಡೆಗೆ ಬೇಕಾದ ಗ್ರಾಹಕವೊಂದು ಕೆಟ್ಟರೆ ನೊಣವು ಹಾರಲಾರದೆಂದೂ, ಆ ದೋಷದ ಮೂಲವು ನರಕೋಶಗಳಲ್ಲಿದೆಯೆಂದೂ ತೋರಿಸಿತು. ಹಾರಲಾರದ ನೊಣದಲ್ಲಿ ಸ್ನಾಯುವೇ ಕೆಟ್ಟಿರಬೇಕಾಗಿಲ್ಲ ಎಂಬ ಈ ಅರಿವು ಮುಂದಿನ ವ್ಯಾಯಾಮ ಸಂಶೋಧನೆಗೂ ಅನ್ವಯಿಸುತ್ತದೆ.

ಗಾಳಿಸುರಂಗದ ಪ್ರಯೋಗ

ಹರ್ಶ್ ಮಾರ್ಗವನ್ನು ಸಾಮರ್ಥ್ಯದ ಕ್ಷೇತ್ರಕ್ಕೆ ಒಯ್ದವರು ಅಮೆರಿಕದ ಕೆನೆತ್ ವೆಬರ್. ಎದುರುಗಾಳಿ ಬೀಸುವ ಸುರಂಗದಲ್ಲಿ ಮುಂದೊತ್ತಿ ಹಾರುವ ನೊಣಗಳನ್ನು ಆಯ್ದು, ದೊಡ್ಡ ಸಮುದಾಯಗಳಲ್ಲಿ ನೂರು ಪೀಳಿಗೆಗಳವರೆಗೆ ಅವರು ಸಂವರ್ಧಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸುರಂಗದಲ್ಲಿ ಅಳೆದ ಸರಾಸರಿ ವೇಗವು ಸೆಕೆಂಡಿಗೆ ಸುಮಾರು 2 ಸೆಂಟಿಮೀಟರಿನಿಂದ 170 ಸೆಂಟಿಮೀಟರಿಗೆ ಏರಿತು. ನೂರನೆಯ ಪೀಳಿಗೆಯಲ್ಲಿಯೂ ಏರಿಕೆ ಪೂರ್ತಿ ನಿಂತಿರಲಿಲ್ಲ. ಆಯ್ದ ತಳಿಗಳ ಬದುಕುವ ಮತ್ತು ಸಂತಾನ ಪಡೆಯುವ ಯೋಗ್ಯತೆಯು ಹೇಳಿಕೊಳ್ಳುವಷ್ಟು ಕುಗ್ಗಿರಲಿಲ್ಲ ಎಂಬುದು ಇನ್ನೂ ಅಚ್ಚರಿಯ ಸಂಗತಿ.

ವೆಬರ್ ಈ ಅಳತೆಯನ್ನು ‘ತೋರಿಕೆಯ ವೇಗ’ ಎಂದು ಕರೆದುದರಲ್ಲಿ ವಿವೇಕವಿದೆ. ಸುರಂಗದಲ್ಲಿ ಮುಂದೆ ಬಂದ ನೊಣವು ಬಲಶಾಲಿಯಾದುದರಿಂದ ಬಂದಿತೋ, ಹಾರಲು ಮನಸ್ಸು ಮಾಡಿದುದರಿಂದ ಬಂದಿತೋ ಎಂಬುದನ್ನು ಸುರಂಗವು ಹೇಳಲಾರದು. ಸಾಮರ್ಥ್ಯ ಮತ್ತು ಪ್ರವೃತ್ತಿಗಳು ಒಂದೇ ಅಳತೆಯಲ್ಲಿ ಬೆರೆತುಹೋಗುವ ಈ ತೊಡಕು ಕ್ರೀಡಾಪಟುಗಳನ್ನು ಆಯ್ಕೆ ಮಾಡುವ ಯಾವ ಮೈದಾನಕ್ಕೂ ಹೊಸದಲ್ಲ.

ಕಾಯಿಲೆಯಿಂದ ವ್ಯಾಯಾಮದ ಕಡೆಗೆ

2000ದಲ್ಲಿ ಹಣ್ಣುನೊಣದ ಜೀನೋಮು ಪ್ರಕಟವಾಯಿತು. ಮನುಷ್ಯರ ಕಾಯಿಲೆಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಸುಮಾರು ನಾಲ್ಕನೆಯ ಮೂರು ಭಾಗಕ್ಕೆ ನೊಣದಲ್ಲಿ ಸಂವಾದಿಗಳಿವೆಯೆಂದು ತಿಳಿದ ಬಳಿಕ, ನೊಣವು ವೈದ್ಯಕೀಯ ಸಂಶೋಧನೆಯ ಸಾಧನವಾಯಿತು. ಅದೇ ವರ್ಷ ಮೆಲ್ ಫೀನಿ ಮತ್ತು ವೆಲ್ಕಮ್ ಬೆಂಡರ್ ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಮಾನವ ಪ್ರೋಟೀನನ್ನು ನೊಣದಲ್ಲಿ ಉತ್ಪಾದಿಸಿದಾಗ, ಆ ನೊಣಗಳ ಏರುವ ಶಕ್ತಿ ಬೇಗನೆ ಕುಂದಿತು. 2003ರಲ್ಲಿ ‘ಪಾರ್ಕಿನ್’ ವಂಶವಾಹಿಯಿಲ್ಲದ ನೊಣಗಳಲ್ಲಿ ಹಾರಾಟದ ಸ್ನಾಯು ಕ್ಷಯಿಸುವುದು ಕಂಡುಬಂದಿತು. ಮೈಟೊಕಾಂಡ್ರಿಯಗಳ ದೋಷವೇ ಇದಕ್ಕೆ ಮೂಲವೆಂದು ತಿಳಿಯಿತು. ಕಾರ್ಪೆಂಟರ್ ಕಾಲದ ಮೇಲೇರುವ ವರ್ತನೆಯು ಹೀಗೆ ಆರೋಗ್ಯದ ಅಳತೆಗೋಲಾಯಿತು.

ಅಳತೆಗೋಲನ್ನೇ ಚಿಕಿತ್ಸೆಯನ್ನಾಗಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಅದನ್ನು ಕೇಳಿದವರು ರಾಬರ್ಟ್ ವೆಸೆಲ್ಸ್. ರಾಲ್ಫ್ ಬಾಡ್ಮರ್ ಅವರೊಡನೆ ಕೆಲಸ ಮಾಡಿದ ಅವರು, ವಯಸ್ಸಾದಂತೆ ನೊಣದ ಹೃದಯ ದುರ್ಬಲವಾಗುವುದರಲ್ಲಿ ಇನ್ಸುಲಿನ್ ಸಂಕೇತಗಳ ಪಾತ್ರವನ್ನು 2004ರಲ್ಲಿ ತೋರಿಸಿದ್ದರು. 2009ರಲ್ಲಿ ಅವರ ತಂಡವು ‘ಪವರ್ ಟವರ್’ ಎಂಬ ಯಂತ್ರವನ್ನು ವರ್ಣಿಸಿತು. ಮೋಟಾರೊಂದು ನೊಣಗಳ ಸೀಸೆಗಳಿರುವ ಅಟ್ಟಣಿಗೆಯನ್ನು ಎತ್ತಿ ಬೀಳಿಸುತ್ತದೆ. ನೊಣಗಳು ತಳಕ್ಕೆ ಬಿದ್ದು, ಹುಟ್ಟುಗುಣದಂತೆ ಮತ್ತೆ ಮೇಲೇರುತ್ತವೆ. ಏರಿದೊಡನೆ ಯಂತ್ರ ಮತ್ತೆ ಬೀಳಿಸುತ್ತದೆ. ಹೀಗೆ ವಾರಕ್ಕೆ ಐದು ದಿನ, ಮೂರು ವಾರಗಳ ಕಾಲ, ಅವಧಿಯನ್ನು ಕ್ರಮೇಣ ಹೆಚ್ಚಿಸುತ್ತ ತರಬೇತಿ ನಡೆಯುವುದು ಈ ಪ್ರಯೋಗಾಲಯದ ಪದ್ಧತಿಯಾಯಿತು. ಹೋಲಿಕೆಗಾಗಿ ಇಟ್ಟ ನೊಣಗಳ ಸೀಸೆಯ ಬಿರಟೆಯನ್ನು ಕೆಳಕ್ಕೆ ಒತ್ತಲಾಗುತ್ತದೆ. ಅವೂ ಅದೇ ಕುಲುಕಾಟವನ್ನು ಅನುಭವಿಸುತ್ತವೆ, ಆದರೆ ಏರಲು ಜಾಗವಿರುವುದಿಲ್ಲ. ಕುಲುಕಾಟದ ಪರಿಣಾಮವನ್ನು ವ್ಯಾಯಾಮದ ಪರಿಣಾಮದಿಂದ ಬೇರ್ಪಡಿಸಿದ ಈ ಸರಳ ಏರ್ಪಾಡೇ ಪ್ರಯೋಗದ ಜೀವಾಳ.

ಎಳೆಯ ವಯಸ್ಸಿನಲ್ಲಿ ತರಬೇತಿ ಪಡೆದ ನೊಣಗಳಲ್ಲಿ, ವಯಸ್ಸಿನೊಂದಿಗೆ ಚಲನಶಕ್ತಿಯೂ ಹೃದಯದ ಕಾರ್ಯವೂ ಕುಗ್ಗುವ ಪ್ರಮಾಣ ಕಡಿಮೆಯಾಯಿತೆಂಬುದು ಫಲಿತಾಂಶ. ಚಲನೆಯು ಫಲವನ್ನು ಕೊಡುತ್ತದೆಂಬುದು ಸಿದ್ಧವಾದುದರಿಂದ, ಆ ಫಲಕ್ಕೆ ಕಾರಣವಾದ ವಂಶವಾಹಿಗಳನ್ನು ಹುಡುಕುವ ದಾರಿ ತೆರೆಯಿತು.

ವಂಶವಾಹಿಗಳ ಶೋಧ

1993ರಲ್ಲಿ ಆಂಡ್ರಿಯ ಬ್ರ್ಯಾಂಡ್ ಮತ್ತು ನಾರ್ಬರ್ಟ್ ಪೆರಿಮನ್ ರೂಪಿಸಿದ್ದ ವಿಧಾನದಿಂದ ಯಾವುದೇ ವಂಶವಾಹಿಯನ್ನು ನೊಣದ ಆಯ್ದ ಅಂಗಾಂಶದಲ್ಲಿ ಮಾತ್ರ ಚುರುಕುಗೊಳಿಸುವುದು ಸಾಧ್ಯವಾಗಿತ್ತು. ಅದನ್ನು ಬಳಸಿ ವೆಸೆಲ್ಸ್ ತಂಡವು ಒಂದಾದ ಮೇಲೊಂದರಂತೆ ಶೋಧಗಳನ್ನು ಪ್ರಕಟಿಸಿತು. ಮೈಟೊಕಾಂಡ್ರಿಯಗಳ ನಿರ್ಮಾಣವನ್ನು ನಿಯಂತ್ರಿಸುವ ‘ಸ್ಪಾರ್ಗೆಲ್’ ವಂಶವಾಹಿ ಕುಂದಿದ ನೊಣಗಳಲ್ಲಿ ಸಾಮರ್ಥ್ಯವೂ ವ್ಯಾಯಾಮದ ಫಲವೂ ತಗ್ಗುವುದೆಂದು 2012ರಲ್ಲಿ ತಿಳಿಯಿತು.

2015ರ ಅಧ್ಯಯನವು ಚಾರಿತ್ರಿಕ ದೃಷ್ಟಿಯಿಂದ ಹೆಚ್ಚು ಅರ್ಥಪೂರ್ಣ. ವೇಯ್ನ್ ಸ್ಟೇಟ್ ವಿಶ್ವವಿದ್ಯಾನಿಲಯದ ರಾಬರ್ಟ್ ಆರ್ಕಿಂಗ್ ಅವರು ದೀರ್ಘಾಯುಷ್ಯಕ್ಕಾಗಿ ಆಯ್ದು ಸಂವರ್ಧಿಸಿದ ತಳಿಯೊಂದಿತ್ತು. ಆ ತಳಿಯನ್ನು, ಅದರ ಮೂಲ ತಳಿಯ ತರಬೇತಿ ಪಡೆದ ನೊಣಗಳೊಡನೆ ಹೋಲಿಸಿದಾಗ, ಪೀಳಿಗೆಗಳ ಆಯ್ಕೆಯಿಂದ ಬಂದ ಬದಲಾವಣೆಗಳೂ ಮೂರು ವಾರಗಳ ವ್ಯಾಯಾಮದಿಂದ ಬಂದ ಬದಲಾವಣೆಗಳೂ ಭಾಗಶಃ ಒಂದೇ ಕಾರ್ಯವಿಧಾನಗಳನ್ನು ಅವಲಂಬಿಸಿದ್ದವು. ಹುಟ್ಟಿನಿಂದ ಬರುವುದೂ ಸಾಧನೆಯಿಂದ ಗಳಿಸುವುದೂ ದೇಹದೊಳಗೆ ಒಂದೇ ಹಾದಿಯಲ್ಲಿ ನಡೆಯಬಲ್ಲವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಅಪರೂಪ.

2017ರಲ್ಲಿ ಇನ್ನೊಂದು ಒಗಟು ಬಿಡಿಸಿಕೊಂಡಿತು. ಪವರ್ ಟವರಿನ ತರಬೇತಿಯಿಂದ ಗಂಡು ನೊಣಗಳು ಫಲ ಪಡೆಯುತ್ತಿದ್ದವು. ಹೆಣ್ಣು ನೊಣಗಳು, ಅಷ್ಟೇ ಏರಾಟಕ್ಕೆ ಒಳಗಾದರೂ, ಅದನ್ನು ಪಡೆಯುತ್ತಿರಲಿಲ್ಲ. ಕಶೇರುಕಗಳ ನಾರ್‌ಅಡ್ರಿನಲಿನ್‌ಗೆ ಸಂವಾದಿಯಾದ ಆಕ್ಟೊಪಮಿನ್ ಎಂಬ ನರಸ್ರಾವವೇ ಇದರ ಕೀಲಿಯೆಂದು ತಂಡವು ತೋರಿಸಿತು. ಆಕ್ಟೊಪಮಿನ್ ಸ್ರವಿಸುವ ನರಕೋಶಗಳನ್ನು ಆಗಾಗ ಪ್ರಚೋದಿಸಿದರೆ, ವ್ಯಾಯಾಮವಿಲ್ಲದ ನೊಣಗಳಲ್ಲಿಯೂ, ಹೆಣ್ಣುಗಳಲ್ಲಿಯೂ ವ್ಯಾಯಾಮದ ಫಲಗಳು ಕಾಣಿಸಿಕೊಂಡವು. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಜುನ್ ಹೀ ಲೀ ಅವರ ತಂಡವು ವೆಸೆಲ್ಸ್ ಅವರ ಸಹಯೋಗದಲ್ಲಿ ‘ಸೆಸ್ಟ್ರಿನ್’ ಪ್ರೋಟೀನಿನ ಪಾತ್ರವನ್ನು ಪ್ರಕಟಿಸಿತು. ಸೆಸ್ಟ್ರಿನ್ ಇಲ್ಲದ ನೊಣಗಳು ವಾರಗಟ್ಟಲೆ ಏರಿದರೂ ಸುಧಾರಿಸಲಿಲ್ಲ. ಸ್ನಾಯುವಿನಲ್ಲಿ ಅದನ್ನು ಹೆಚ್ಚಿಸಿದ ನೊಣಗಳು ಏರದೆಯೇ ತರಬೇತಿ ಪಡೆದವುಗಳಂತಾದವು. ಇಲಿಗಳಲ್ಲಿಯೂ ಸೆಸ್ಟ್ರಿನ್ ಇಲ್ಲದಿರುವಾಗ ವ್ಯಾಯಾಮದ ಫಲ ಕುಗ್ಗುವುದು ಕಂಡುಬಂದಿತು.

ತಳಿಭೇದದ ಮರುಪ್ರವೇಶ

ಇವೆಲ್ಲವೂ ಬೆಂಜರ್ ಮಾರ್ಗದ ಫಲಗಳು: ಒಂದು ವಂಶವಾಹಿ, ಒಂದು ಪರಿಣಾಮ. ಇದೇ ಅವಧಿಯಲ್ಲಿ ಹರ್ಶ್ ಅವರ ಪ್ರಶ್ನೆಯೂ ಮರಳಿ ಬಂದಿತು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸಿದವರು ಟ್ರೂಡಿ ಮೆಕೇ. ಉತ್ತರ ಕ್ಯಾರೊಲಿನದ ರಾಲಿ ನಗರದ ಕಾಡುನೊಣಗಳಿಂದ ಪಡೆದ, ಒಳಸಂಕರದಿಂದ ಸ್ಥಿರಗೊಳಿಸಿದ ತಳಿಗಳ ಸಂಗ್ರಹವನ್ನು ಅವರ ತಂಡ 2012ರಲ್ಲಿ ಪ್ರಕಟಿಸಿತು. 2014ರ ವೇಳೆಗೆ 205 ತಳಿಗಳ ಜೀನೋಮುಗಳು ಸಿದ್ಧವಾಗಿದ್ದವು. ಪ್ರತಿ ತಳಿಯೊಳಗಿನ ನೊಣಗಳು ಆನುವಂಶಿಕವಾಗಿ ಬಹುಪಾಲು ಒಂದೇ. ತಳಿತಳಿಗಳ ನಡುವೆ ಪ್ರಕೃತಿಸಹಜ ಭಿನ್ನತೆ.

ಅಲಬಾಮ ರಾಜ್ಯದ ಎರಡು ವಿಶ್ವವಿದ್ಯಾನಿಲಯಗಳ ಲಾರಾ ರೀಡ್, ನಿಕೋಲ್ ರಿಡಲ್ ಮತ್ತು ಸಂಗಡಿಗರು 2016ರಲ್ಲಿ ‘ಟ್ರೆಡ್‌ವೀಲ್’ ಎಂಬ ಸಾಧನವನ್ನು ಪರಿಚಯಿಸಿದರು. ಇದರಲ್ಲಿ ಸೀಸೆಗಳನ್ನು ಬೀಳಿಸುವುದಿಲ್ಲ, ನಿಧಾನವಾಗಿ ತಿರುಗಿಸಲಾಗುತ್ತದೆ. ಮೇಲು ಕೆಳಗಾಗುತ್ತಲೇ ಇರುವುದರಿಂದ ನೊಣವು ಏರುತ್ತಲೇ ಇರುತ್ತದೆ. ಬೀಳಿಸುವುದರಿಂದ ಆಗಬಹುದಾದ ಪೆಟ್ಟು ಮತ್ತು ಒತ್ತಡಗಳನ್ನು ತಪ್ಪಿಸುವುದು ಇದರ ಉದ್ದೇಶ. ಒಂದೇ ಬಗೆಯ ಈ ಮೃದುವ್ಯಾಯಾಮಕ್ಕೆ ಬೇರೆ ಬೇರೆ ತಳಿಗಳ, ಗಂಡು ಹೆಣ್ಣುಗಳ ಪ್ರತಿಕ್ರಿಯೆ ಬೇರೆ ಬೇರೆಯಾಗಿತ್ತು. ನೊಣಗಳು ನಿಜವಾಗಿ ಎಷ್ಟು ಚಲಿಸಿದವೆಂಬುದನ್ನು ತಿರುಗಣೆಯ ನಡುವೆಯೇ ಎಣಿಸುವ ಸಾಧನವನ್ನು ರಿಡಲ್ ಪ್ರಯೋಗಾಲಯವು 2017ರಲ್ಲಿ ವರ್ಣಿಸಿತು. ಮೆಕೇ ಅವರ ತಳಿಗಳನ್ನು ಅದರಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವು, ಸಹಜ ಚಟುವಟಿಕೆ ಮತ್ತು ವ್ಯಾಯಾಮದಿಂದ ಪ್ರೇರಿತವಾದ ಚಟುವಟಿಕೆಗಳಿಗೆ ಸಂಬಂಧಿಸಿದ ನೂರಕ್ಕೂ ಹೆಚ್ಚು ವಂಶವಾಹಿಗಳನ್ನು ಗುರುತಿಸಿತು. ಇವುಗಳಲ್ಲಿ ಕೇಂದ್ರ ನರಮಂಡಲದಲ್ಲಿ ಮತ್ತು ನರ-ಸ್ನಾಯು ಸಂಧಿಗಳಲ್ಲಿ ಕೆಲಸ ಮಾಡುವವು ಎದ್ದು ಕಂಡವು. ಅಂದರೆ ವ್ಯಾಯಾಮದ ಆನುವಂಶಿಕತೆ ಸ್ನಾಯುವಿನಲ್ಲಿ ಮಾತ್ರವಲ್ಲ, ಮಿದುಳಿನಲ್ಲಿಯೂ ನೆಲೆಸಿದೆ.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಈ ಕ್ಷೇತ್ರದ ಪ್ರಗತಿಯು ಬಹುಮಟ್ಟಿಗೆ ಸಾಧನಗಳ ಚರಿತ್ರೆ. ಚಕ್ರವ್ಯೂಹ, ಎಣ್ಣೆ ಸವರಿದ ಜಾಡಿ, ಗಾಳಿಸುರಂಗ, ಎತ್ತಿ ಬೀಳಿಸುವ ಯಂತ್ರ, ತಿರುಗಣೆ: ಪ್ರತಿಯೊಂದೂ ಹಿಂದಿನದು ಬೆರೆಸಿಬಿಟ್ಟಿದ್ದ ಎರಡು ಸಂಗತಿಗಳನ್ನು ಬೇರ್ಪಡಿಸಲು ಯತ್ನಿಸಿದೆ.

ಎರಡನೆಯದಾಗಿ, ನೊಣದ ಫಲಿತಾಂಶಗಳನ್ನು ಮನುಷ್ಯರಿಗೆ ಅನ್ವಯಿಸುವಲ್ಲಿ ಎಚ್ಚರ ಅಗತ್ಯ. ನೊಣಕ್ಕೆ ಶ್ವಾಸಕೋಶವಿಲ್ಲ, ಗಾಳಿಯು ಸೂಕ್ಷ್ಮ ನಾಳಗಳ ಮೂಲಕ ನೇರವಾಗಿ ಅಂಗಾಂಶಗಳನ್ನು ಸೇರುತ್ತದೆ. ಅದರ ವ್ಯಾಯಾಮ ಬಲವಂತದ್ದು. ಸೆಸ್ಟ್ರಿನ್ ಅಥವಾ ಆಕ್ಟೊಪಮಿನ್ ಶೋಧಗಳನ್ನು ಓದಿ, ವ್ಯಾಯಾಮಕ್ಕೆ ಬದಲಾಗುವ ಗುಳಿಗೆ ಕೈಗೆಟುಕಿತೆಂದು ಭಾವಿಸುವುದು ಅವಸರದ ಮಾತು. ಆದರೆ ಮುಪ್ಪು, ಪಾರ್ಶ್ವವಾಯು ಅಥವಾ ಸ್ನಾಯುರೋಗಗಳಿಂದ ಹಾಸಿಗೆ ಹಿಡಿದು, ವ್ಯಾಯಾಮ ಮಾಡಲಾರದವರ ದೃಷ್ಟಿಯಿಂದ ನೋಡಿದರೆ ಈ ಶೋಧನೆಯ ಗುರಿ ಅಲ್ಪವಾದುದಲ್ಲ.

ಮೂರನೆಯದಾಗಿ, ‘ಹುಟ್ಟೋ ಸಾಧನೆಯೋ’ ಎಂಬ ಪ್ರಶ್ನೆಗೆ ನೊಣವು ಕೊಟ್ಟ ಉತ್ತರವು ಎರಡರ ನಡುವಣ ಹಂಚಿಕೆಯ ಲೆಕ್ಕವಲ್ಲ. ಸಾಧನೆಯು ಫಲ ಕೊಡುವುದು ವಂಶವಾಹಿಗಳ ಮೂಲಕವೇ. ವಂಶವಾಹಿಗಳ ಅಂತರ ಬೆಳಕಿಗೆ ಬರುವುದು ಸಾಧನೆಯ ಸಂದರ್ಭದಲ್ಲಿಯೇ. ಹೆಣ್ಣು ನೊಣಗಳ ಉದಾಹರಣೆಯನ್ನೇ ನೋಡಬಹುದು. ಏರಾಟದಿಂದ ಅವುಗಳಿಗೆ ಫಲವಿಲ್ಲವೆಂಬುದಷ್ಟನ್ನೇ ಕಂಡು ನಿಲ್ಲಿಸಿದ್ದರೆ, ಅದು ಅವುಗಳ ಹುಟ್ಟಿನ ಮಿತಿಯೆಂಬ ತೀರ್ಪು ಉಳಿದುಬಿಡುತ್ತಿತ್ತು. ನರಕೋಶಗಳ ಒಂದು ಗುಂಪನ್ನು ಚುರುಕುಗೊಳಿಸಿದೊಡನೆ ಆ ಮಿತಿ ಕರಗಿತು. ಆನುವಂಶಿಕವಾದುದೆಲ್ಲವೂ ಬದಲಿಸಲಾಗದುದಲ್ಲ ಎಂದು ಹರ್ಶ್ ಅವರು ವಾದಿಸಿದುದು ಇಲ್ಲಿ ಪ್ರಯೋಗದಲ್ಲಿಯೇ ಗೋಚರಿಸುತ್ತದೆ. ಮನುಷ್ಯರ ಸಾಮರ್ಥ್ಯವನ್ನು ಕುರಿತು, ಅದರಲ್ಲಿಯೂ ಮಕ್ಕಳನ್ನು ಎಳವೆಯಲ್ಲಿಯೇ ಯೋಗ್ಯರು, ಅಯೋಗ್ಯರೆಂದು ವಿಂಗಡಿಸುವ ಸಂದರ್ಭಗಳಲ್ಲಿ, ತೀರ್ಪು ನೀಡಹೊರಡುವವರು ಒಂದು ಶತಮಾನದ ಈ ಚರಿತ್ರೆಯಿಂದ ಕಲಿಯಬೇಕಾದ ಮುಖ್ಯ ಪಾಠವಿದು.